ಹಾಸಿಗೆ ಹುಣ್ಣಿಗೆ ಮೂಲ ಉಷ್ಣವಲ್ಲ, ಭಾರ



ಲಕ್ವ ಹೊಡೆದೋ, ಸೊಂಟದ ಮೂಳೆ ಮುರಿದೋ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸ ಹೆಚ್ಚಾಗಿ ಸೊಸೆಯದ್ದು, ಇಲ್ಲವೇ ಮಗಳದ್ದು. ಬೆನ್ನಿನ ಕೆಳಗೆ ಹುಣ್ಣಾದರೆ "ಸರಿಯಾಗಿ ತೊಳೀಲಿಲ್ಲ, ಮೈ ಉಷ್ಣ ಆಗಿದೆ" ಅಂತ ಮಾತು ಕೇಳುವವಳೂ ಅವಳೇ. ನಿಜವಾಗಿ ಈ ಹುಣ್ಣು ಶುರುವಾಗುವುದು ದೇಹದ ಭಾರದಿಂದ.

ಅಂಗೈ ಹಿಂಭಾಗದ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿ. ಮೊದಲು ಸಲೀಸಾಗಿ ಬರುತ್ತೆ, ಆಮೇಲೆ ಬಿಗಿಯುತ್ತೆ. ಒಳಗೆ ಕೊಲಾಜೆನ್ ಎಂಬ ಗಟ್ಟಿ ನಾರುಗಳು ಸಡಿಲ ಹಗ್ಗದ ಹಾಗೆ ಡೊಂಕಾಗಿರುತ್ತವೆ; ಎಳೆದಾಗ ನೆಟ್ಟಗಾಗಿ ತಡೆಯುತ್ತವೆ. ಬಿಟ್ಟಾಗ ಮತ್ತೆ ಹಿಂದಕ್ಕೆ ತರುವುದು ಎಲಾಸ್ಟಿನ್ ಎಂಬ ಇನ್ನೊಂದು ನಾರು. ವಯಸ್ಸಾದಂತೆ ಇದು ಸೊರಗುತ್ತೆ, ಅದಕ್ಕೇ ಅಜ್ಜಿಯ ಚರ್ಮ ಎತ್ತಿ ಬಿಟ್ಟರೆ ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತೆ. ಭಾರ ಸಣ್ಣದಾದರೂ ಬಹಳ ಕಾಲ ಎಳೆದರೆ ಚರ್ಮ ಹಿಗ್ಗುತ್ತೆ. ಭಾರದ ಓಲೆ ಹಾಕಿದ ಕಿವಿಯ ತೂತು ನೋಡಿದ್ದೀರಲ್ಲ?

ಹುಲ್ಲಿನ ಹೊರೆ ಹೊರುವಾಗ ನಾವು ತಲೆಗೆ ಸಿಂಬೆ ಇಡುತ್ತೇವೆ. ಹೊರೆ ಹಗುರಾಗಲ್ಲ, ಭಾರ ಹರಡುತ್ತೆ ಅಷ್ಟೆ. ಮನೆಗೆ ಬಂದು ಇಳಿಸಿದ ಕೂಡಲೇ ರಕ್ತ ಮತ್ತೆ ಸರಾಗ ಓಡುತ್ತೆ. ಹೊರಳಲಾರದವರ ಹೊರೆಯನ್ನು ಇಳಿಸುವವರು ಯಾರು? ಬಾಲದ ಮೂಳೆ, ಸೊಂಟದ ಪಕ್ಕ, ಹಿಮ್ಮಡಿಗಳಲ್ಲಿ ಮೂಳೆಗೂ ಹಾಸಿಗೆಗೂ ನಡುವೆ ಮಾಂಸ ಹಿಸುಕಿಕೊಂಡು, ಕೂದಲಿಗಿಂತ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ. ಹೆಚ್ಚು ಒತ್ತಡ ಸ್ವಲ್ಪ ಹೊತ್ತಿನಲ್ಲೇ ಕೆಡಿಸಿದರೆ, ಕಡಿಮೆ ಒತ್ತಡ ಬಹಳ ಹೊತ್ತಿನಲ್ಲಿ ಕೆಡಿಸುತ್ತೆ ಎಂದು 1976ರಲ್ಲಿ ಅಮೆರಿಕದ ರೆಸ್ವಿಕ್ ಮತ್ತು ರೋಜರ್ಸ್ ತೋರಿಸಿದರು.

ಚರ್ಮಕ್ಕಿಂತ ಮೊದಲು ನೋಯುವುದು ಒಳಗಿನ ಮಾಂಸ. ನಮ್ಮ ಗಂಜಾಂ ಅಂಜೂರಕ್ಕೆ ಹೆಸರಾದ ಊರು. ಬುಟ್ಟಿ ತಳದ ಹಣ್ಣು ಹೊರಗೆ ಚೆನ್ನಾಗೇ ಕಂಡು ಒಳಗೆ ಕೊಳೆತಿರುತ್ತಲ್ಲ, ಹಂಗೇ ಇದೂ. ಹೊರಗೆ ನಾಣ್ಯದಷ್ಟು ಹುಣ್ಣು ಕಂಡರೆ ಒಳಗೆ ಅದಕ್ಕಿಂತ ದೊಡ್ಡದಿರಬಹುದು.

ದಿಂಬಿಗೆ ಒರಗಿಸಿ ಕೂರಿಸಿದಾಗ ಇನ್ನೊಂದು ತೊಂದರೆ. ಚರ್ಮ ಬಟ್ಟೆಗೆ ಅಂಟಿಕೊಂಡಿರುತ್ತೆ, ಮೂಳೆ ಕೆಳಕ್ಕೆ ಜಾರುತ್ತೆ, ನಡುವಿನ ಮಾಂಸ ಎಳೆದುಕೊಳ್ಳುತ್ತೆ. ಆದ್ದರಿಂದ ಊಟದ ಹೊತ್ತು ಬಿಟ್ಟರೆ ತಲೆ ಕಡೆ ತೀರಾ ಎತ್ತರ ಬೇಡ. ಮೇಲಕ್ಕೆ ಸರಿಸುವಾಗ ಕಂಕುಳು ಹಿಡಿದು ಎಳೆಯದೆ, ಇಬ್ಬರು ಸೇರಿ ಕೆಳಗಿನ ದುಪ್ಪಟಿ ಸಮೇತ ಎತ್ತಿ. ಮೂತ್ರದಲ್ಲಿ ನೆನೆದ ಚರ್ಮ ಬೇಗ ಕಿತ್ತುಬರುತ್ತೆ, ಒದ್ದೆ ಬಟ್ಟೆ ಕೂಡಲೇ ಬದಲಿಸಿ.

ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಿಮ್ಮಡಿ ತೇಲುವಂತೆ ಮೀನಖಂಡದ ಕೆಳಗೆ ಮಡಿಸಿದ ಕೌದಿ ಇಡಿ. ಸಿಂಬೆ ತಲೆಗೆ ಸರಿ, ಸೊಂಟಕ್ಕೆ ಬೇಡ! ಬಳೆಯಾಕಾರದ ದಿಂಬು, ಗಾಳಿ ತುಂಬಿದ ಟ್ಯೂಬು ಸುತ್ತಲಿನ ರಕ್ತವನ್ನೇ ತಡೆಯುತ್ತವೆ. ಗಾಳಿ ಹಾಸಿಗೆ ತಂದರೂ ಹೊರಳಿಸುವುದು ತಪ್ಪಲ್ಲ.

ದಿನಾ ಸ್ನಾನ ಮಾಡಿಸುವಾಗ ಬೆನ್ನು ನೋಡಿ. ಕೆಂಪಾದ ಜಾಗ ಬೆರಳಲ್ಲಿ ಒತ್ತಿ ಬಿಟ್ಟಾಗ ಬಿಳಚದಿದ್ದರೆ ಪೆಟ್ಟು ಶುರುವಾಗಿದೆ ಅಂತ ಅರ್ಥ. ಕಪ್ಪು ಮೈಯಲ್ಲಿ ಕೆಂಪು ಕಾಣಿಸದೆ ಇರಬಹುದು. ಬಿಸಿ, ಗಟ್ಟಿತನ, ಇಲ್ಲವೇ ಮೆತ್ತಗಾಗಿರುವುದು ಕೈಗೆ ತಿಳಿಯುತ್ತೆ. ಅಲ್ಲಿ ಉಜ್ಜಬೇಡಿ, ಭಾರ ತಪ್ಪಿಸಿ. ಚರ್ಮ ಕಿತ್ತರೆ, ಕಪ್ಪಾದರೆ, ವಾಸನೆ ಅಥವಾ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ತೋರಿಸಿ.

ರಾತ್ರಿಯೆಲ್ಲ ಎದ್ದು ಒಬ್ಬಳೇ ಹೊರಳಿಸುವುದು ಆಗದ ಮಾತು. ಅಂಥ ಮನೆ ಇದ್ದರೆ ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ, ಹಗಲು ಯಾರು ಯಾವಾಗ ಕೈಜೋಡಿಸುವುದು ಅಂತ ಸರದಿ ಬರೆದುಕೊಳ್ಳಿ. ಮನೆಯ ಗಂಡಸರ ಹೆಸರೂ ಅದರಲ್ಲಿರಲಿ.