ಕೂಸಿನ ತಾಯಿಗೂ ಸಾಲಿ ಐತಿ, ತಂಗಿ

ಪ್ರೀತಿಯ ತಂಗಿ,

ನೀನು ತಿಕೋಟಾದವಳಿರಬಹುದು, ಬಬಲೇಶ್ವರದ ಕಡೆಯ ತೋಟದ ಮನೆಯವಳಿರಬಹುದು, ವಿಜಯಪುರದ ಯಾವುದೋ ಓಣಿಯವಳಿರಬಹುದು. ವಯಸ್ಸು ಹದಿನೇಳು, ಮಡಿಲಲ್ಲಿ ಕೂಸು. "ಇನ್ನೇನ್ ಸಾಲಿ, ಮುಗೀತಲ್ಲ" ಅಂತ ಮನೆಯವರು ಅಂದರು, ನೀನೂ ಹೂಂ ಅಂದೆ. ಆ ಹೂಂ ಅನ್ನು ವಾಪಸ್ ತಗೋ ಅಂತ ಕೇಳಲಿಕ್ಕೇ ಈ ಪತ್ರ.

ಕೂಸು ಹುಟ್ಟಿದ್ದಕ್ಕೆ ಸಾಲಿ ಬಿಟ್ಟಿತು ಅಂತ ಜನ ಹೇಳುತ್ತಾರೆ. ಹೈಸ್ಕೂಲಿನಲ್ಲಿ ಪಾಠ ಹೇಳಿದ ನಾನು ಕಂಡದ್ದು ಬೇರೆ. ಸಾಲಿ ಮೊದಲು ಬಿಡುತ್ತದೆ. ಊರಲ್ಲಿ ಏಳನೆತ್ತೆ ಮುಗಿಯುತ್ತದೆ, ಹೈಸ್ಕೂಲು ಮುಂದಿನ ಊರಲ್ಲಿ. ದಾರಿಯಲ್ಲಿ ಹುಡುಗರ ಕಾಟ. ಅಪ್ಪ ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತಾರೆ. "ಹರೇದ ಹುಡುಗೀನ ಒಬ್ಬಾಕೀನ ಹ್ಯಾಂಗ್ ಬಿಟ್ಟು ಹೋಗೂದು?" ಎಂಬ ಹೆದರಿಕೆಗೆ ಲಗ್ನ. ಮರುವರ್ಷ ಬಸಿರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ನಮ್ಮ ವಿಜಯಪುರ ಜಿಲ್ಲೆ ಮತ್ತು ಬಾಗಲಕೋಟೆಯ ಹಳ್ಳಿಗಳಲ್ಲಿ ‘ಸಮತಾ’ ಎಂಬ ಕಾರ್ಯಕ್ರಮ ನಡೆಸಿದಾಗ ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರನ್ನು ಹತ್ತನೆತ್ತೆಯವರೆಗೆ ಸಾಲಿಯಲ್ಲಿ ಉಳಿಸುವುದನ್ನೇ ಗುರಿ ಮಾಡಿಕೊಂಡಿತ್ತು. ಬರೀ ಹುಡುಗಿಗೆ ಬುದ್ಧಿ ಹೇಳಿ ಬಿಡಲಿಲ್ಲ, ತಂದೆತಾಯಿ, ಮಾಸ್ತರರು, ಹುಡುಗರು ಎಲ್ಲರನ್ನೂ ಕೂರಿಸಿ ಮಾತಾಡಿತು. ಅದು ಸರಿಯಾದ ದಾರಿ ಅಂತ ನನ್ನ ನಂಬಿಕೆ.

ಈಗ ನಿನ್ನ ವಿಷಯ. ಮದುವೆಯಾದವಳು, ಹಡೆದವಳು ಕಲಿಯಬಾರದು ಅಂತ ಯಾವ ಕಾನೂನೂ ಹೇಳುವುದಿಲ್ಲ. ದಿನಾ ಹೋಗಲು ಆಗದಿದ್ದರೆ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟು. 2024ರಿಂದ ವರ್ಷಕ್ಕೆ ಮೂರು ಪರೀಕ್ಷೆಗಳಿವೆ, ಪಾಸಾದ ವಿಷಯ ಮತ್ತೆ ಬರೆಯಬೇಕಿಲ್ಲ. ಗಣಿತ ಉಳಿದರೆ ಉಳಿಯಲಿ, ಮುಂದಿನ ಸಲ ಅದೊಂದನ್ನೇ ಓದು. ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ, ಬೇವಿನ ಗಿಡದ ಕೆಳಗೆ, ಸೊಸೆಯ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತ ಅತ್ತೆಯೊಬ್ಬಳನ್ನು ನಾನು ನೋಡಿದ್ದೇನೆ. ಪೇಪರ್ ಕೊಟ್ಟು ಓಡಿ ಬಂದ ಹುಡುಗಿ ಮೊದಲು ಸೆರಗು ಮರೆಮಾಡಿ ಹಾಲು ಕುಡಿಸಿದಳು, ಆಮೇಲೆ ನೀರು ಕುಡಿದಳು. ನಿನ್ನ ಅತ್ತೆಯನ್ನೂ ಕೇಳಿ ನೋಡು, ಒಲ್ಲೆ ಅನ್ನುತ್ತಾಳೆಂದು ಮೊದಲೇ ತಿಳಿಯಬೇಡ. ಪಂಚಾಯ್ತಿಯಲ್ಲಿ ಕೂಸುಗಳನ್ನು ನೋಡಿಕೊಳ್ಳುವ ‘ಕೂಸಿನ ಮನೆ’ ಇದೆಯೋ ವಿಚಾರಿಸು. 2023ರ ಜೂನ್‌ನಿಂದ ಸಾದಾ ಸರ್ಕಾರಿ ಬಸ್ಸಿಗೆ ಹೆಣ್ಣುಮಕ್ಕಳು ರೊಕ್ಕ ಕೊಡಬೇಕಿಲ್ಲ. ತಿಕೋಟಾ ದಾರಿಯ ತೊರವಿಯಲ್ಲೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಮುಂದೆ ಓದುತ್ತ ಹೋದರೆ ಅಲ್ಲಿಗೂ ನೀನು ಹೋಗಬಹುದು.

ಎರಡನೆಯ ಬಸಿರು ಈಗ ಬೇಡ. ನಿನ್ನ ಮೈ ಇನ್ನೂ ಬೆಳೆಯುತ್ತಿದೆ, ರಕ್ತ ಕಡಿಮೆ ಇರುತ್ತದೆ. ಆಶಾ ಕಾರ್ಯಕರ್ತೆಯನ್ನು ನಾಚಿಕೆ ಬಿಟ್ಟು ಕೇಳು. ಮೂರು ತಿಂಗಳಿಗೊಮ್ಮೆ ಹಾಕಿಸುವ ‘ಅಂತರಾ’ ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಹೆರಿಗೆಯಾಗಿ ಆರು ವಾರ ದಾಟಿದರೆ ಹಾಲುಣಿಸುವವರಿಗೂ ಆಗುತ್ತದೆ. 18 ತುಂಬುವ ಮೊದಲೇ ಬಸಿರಾಗಿ, ಪೊಲೀಸರ ಹೆದರಿಕೆಗೆ ಅದನ್ನು ಮುಚ್ಚಿಡುವ ಹುಡುಗಿಯರಿದ್ದಾರೆ. ಅಂಥವರು ಕಂಡರೆ ಹೇಳು: ಗರ್ಭಪಾತಕ್ಕೆ ಬಂದ ಬಾಲಕಿ ಮತ್ತು ಪೋಷಕರು ಕೋರಿದರೆ ವೈದ್ಯರು ಪೊಲೀಸರಿಗೆ ಆಕೆಯ ಹೆಸರು ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ. ಸೂಲಗಿತ್ತಿಯ ಕಡ್ಡಿಗೋ ಮೆಡಿಕಲ್ ಅಂಗಡಿಯ ಗುಳಿಗೆಗೋ ಯಾರೂ ಜೀವ ಕೊಡಬಾರದು.

ನಿನ್ನ ತಂಗಿಯೂ ಏಳನೆತ್ತೆಯಲ್ಲಿದ್ದರೆ ಆಕೆಯ ಮೇಲೆ ಕಣ್ಣಿಡು. ಲಗ್ನದ ಮಾತು ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹಚ್ಚು, ನಿನ್ನ ಹೆಸರು ಹೇಳಬೇಕೆಂದಿಲ್ಲ. ಕರ್ನಾಟಕದ ಕಾನೂನಿನಲ್ಲಿ 18 ತುಂಬದ ಹುಡುಗಿಯ ಮದುವೆ ಮದುವೆಯೇ ಅಲ್ಲ.

ಸೋಮವಾರ ಕೂಸನ್ನು ಎತ್ತಿಕೊಂಡೇ ಹಳೆಯ ಸಾಲಿಗೆ ಹೋಗು. ಟಿ.ಸಿ. ಕೇಳು, ಪರೀಕ್ಷೆಯ ಅರ್ಜಿ ಕೇಳು. ಕೊಡದಿದ್ದರೆ ಬಿ.ಇ.ಒ. ಆಫೀಸಿಗೆ ಹೋಗು, ಒಬ್ಬಳೇ ಹೋಗಲು ಅಳುಕಾದರೆ ನಿಮ್ಮೂರಿನ ಯಾವ ಅಕ್ಕೋರನ್ನಾದರೂ ಕರೆದುಕೊಂಡು ಹೋಗು.

ಇಂತಿ,
ನಿನ್ನ ಹಿತ ಬಯಸುವ ಅಕ್ಕೋರು