ಸ್ಪರ್ಶಕ್ಕೆ ಮೊದಲು ಸಮ್ಮತಿ

ರೋಗಿಯನ್ನು ಪರೀಕ್ಷಿಸಲು ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಮಾರ್ಗಗಳನ್ನು ಆಯುರ್ವೇದವು ಹೇಳಿದೆ. ಸ್ತ್ರೀರೋಗ ಚಿಕಿತ್ಸೆಯಲ್ಲಿ ಪ್ರಶ್ನವೇ ಮೊದಲಾಗಬೇಕು. ಚಿಕಿತ್ಸೆಗೆ ಬರುವ ಸ್ತ್ರೀಯರಲ್ಲಿ ದೌರ್ಜನ್ಯಕ್ಕೆ ಈಡಾದವರು, ಗರ್ಭನಷ್ಟವನ್ನು ಅನುಭವಿಸಿದವರು, ಹೆರಿಗೆಯ ಕೋಣೆಯಲ್ಲಿ ಗದರಿಕೆ ಕೇಳಿದವರು ಇರುತ್ತಾರೆ. ಮುನ್ಸೂಚನೆಯಿಲ್ಲದೆ ಮುಟ್ಟಿದರೆ ಅಂಥವರಲ್ಲಿ ಹಳೆಯ ಭಯ ಮರುಕಳಿಸುತ್ತದೆ. ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಪರೀಕ್ಷೆಯೇ ನೋವಾಗುತ್ತದೆ. ಬಳಿಕ ಆಕೆ ಆಸ್ಪತ್ರೆಯನ್ನೇ ದೂರವಿಡಬಹುದು. ಬೇಗ ತಿಳಿದರೆ ಗುಣವಾಗಬಲ್ಲ ಗರ್ಭಕೊರಳಿನ ಕ್ಯಾನ್ಸರಿನಂತಹ ರೋಗಗಳು ಬಲಿಯುವುದು ಹೀಗೆಯೂ ಉಂಟು.

ಆಕೆಯ ಹಿಂಜರಿಕೆಯನ್ನು ಹಠವೆಂದು ತಿಳಿಯದೆ, ನೋವಿನ ಲಕ್ಷಣವಿರಬಹುದೆಂದು ಗ್ರಹಿಸುವುದನ್ನು ವೈದ್ಯರಿಗೆ ಕಲಿಸಬೇಕಾಗಿದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರನ್ನು ಸಮ್ಮತಿ ಪಡೆದೇ ಪರೀಕ್ಷಿಸಬೇಕು, ಎರಡು ಬೆರಳಿನ ಪರೀಕ್ಷೆ ಕೂಡದು ಎಂದು ಕೇಂದ್ರ ಆರೋಗ್ಯ ಸಚಿವಾಲಯವು 2014ರಲ್ಲಿ ಮಾರ್ಗಸೂಚಿ ನೀಡಿತು. ಆ ಪರೀಕ್ಷೆ ನಡೆಸುವುದು ದುರ್ನಡತೆಯೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾರಿ, ವೈದ್ಯಕೀಯ ಪಠ್ಯಕ್ರಮವನ್ನು ಪರಿಶೀಲಿಸಲು ನಿರ್ದೇಶಿಸಿತು. 2017ರ 'ಲಕ್ಷ್ಯ' ಯೋಜನೆಯು ಹೆರಿಗೆಯ ಕೋಣೆಯಲ್ಲಿ ಗೌರವಯುತ ಆರೈಕೆಯನ್ನು ಗುರಿಯಾಗಿಸಿಕೊಂಡಿದೆ.

ಆದರೆ ನಡತೆಯನ್ನು ಪುಸ್ತಕವೊಂದೇ ಕಲಿಸಲಾರದು. ನಮ್ಮ ಕೂಳೂರಿಗೆ ಸಮೀಪದ ಮಂಗಳೂರಿನ ಲೇಡಿಗೋಶನ್ ಆಸ್ಪತ್ರೆಯಂತಹ ಬೋಧನಾ ಆಸ್ಪತ್ರೆಗಳಲ್ಲಿ ರೋಗಿಯ ಹಾಸಿಗೆಯ ಬಳಿಯೇ ಪಾಠ ನಡೆಯುತ್ತದೆ. ಹಿರಿಯ ವೈದ್ಯರು ಹೇಗೆ ಕೇಳುವರೋ ಕಿರಿಯರೂ ಹಾಗೆಯೇ ಕೇಳುವರು. ಆದುದರಿಂದ ಈ ಅಭ್ಯಾಸಗಳು ಅಲ್ಲಿಯೇ ಮೈಗೂಡಬೇಕು:

1. ತಮ್ಮ ಹೆಸರು ಹೇಳಿ, ಪರದೆ ಎಳೆದು, ಮಾತು ಆರಂಭಿಸುವುದು.
2. ತುಳು, ಕೊಂಕಣಿ, ಬ್ಯಾರಿ, ಕನ್ನಡ – ರೋಗಿಗೆ ತಿಳಿಯುವ ಭಾಷೆಯಲ್ಲಿ ಪ್ರತಿ ಹಂತವನ್ನೂ ವಿವರಿಸಿ ಅನುಮತಿ ಕೇಳುವುದು.
3. 'ಸಾಕು' ಎಂದೊಡನೆ ಕೈ ಹಿಂತೆಗೆಯುವುದು.
4. ಮಹಿಳಾ ಸಿಬ್ಬಂದಿಯೊಬ್ಬರನ್ನು ಜೊತೆಯಲ್ಲಿರಿಸಿಕೊಳ್ಳುವುದು.
5. ಹಳೆಯ ನೋವನ್ನು ಬಂಧುಗಳ ಎದುರಿನಲ್ಲಿ ಕೆದಕದಿರುವುದು.
6. ವಿದ್ಯಾರ್ಥಿಗಳು ಪರೀಕ್ಷಿಸುವುದಕ್ಕೂ ಪ್ರತ್ಯೇಕ ಸಮ್ಮತಿ ಪಡೆಯುವುದು.

ಭಕ್ತಬಂಧುಗಳ ಪಾತ್ರವೂ ಇಲ್ಲಿ ಉಂಟು. ಸೊಸೆಯನ್ನೋ ಮಗಳನ್ನೋ ಆಸ್ಪತ್ರೆಗೆ ಕರೆದೊಯ್ದಾಗ ಆಕೆಯ ಪರವಾಗಿ ತಾವೇ ಉತ್ತರಿಸದೆ, ವೈದ್ಯರೊಡನೆ ಏಕಾಂತದಲ್ಲಿ ಮಾತನಾಡಲು ಅವಕಾಶ ಕೊಡಿ. ತಾಯಂದಿರೇ, 'ಮೊದಲು ಹೇಳಿ, ಆಮೇಲೆ ಪರೀಕ್ಷಿಸಿ' ಎಂದು ವಿನಯದಿಂದ ಕೇಳುವುದು ಉದ್ಧಟತನವಲ್ಲ, ಅದು ನಿಮ್ಮ ಹಕ್ಕು. ಕಾರಣ ಹೇಳಲು ಮನಸ್ಸಿಲ್ಲದಿದ್ದರೆ 'ನನಗೆ ಭಯವಾಗುತ್ತದೆ' ಎಂದರೂ ಸಾಕು. ಮನೆಯಲ್ಲಿ ಹಿಂಸೆಯಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.