ಕೊಳವೆ ದೀಪಕ್ಕೆ ತಕ್ಕ ಹೋಲ್ಡರು

ಮಲ್ಲೇಶ್ವರ ಯಶವಂತಪುರಗಳ ನಡುವೆ, ಹಳೆಯ ತುಮಕೂರು ರಸ್ತೆಯಲ್ಲಿ, 1936ರಲ್ಲಿ ಸ್ಥಾಪಿತವಾದ ಮೈಸೂರು ಲ್ಯಾಂಪ್ ವರ್ಕ್ಸ್ ಎಂಬ ಕಾರ್ಖಾನೆಯಿತ್ತು. ನಮ್ಮ ನಾಡಿನ ಅನೇಕ ಮನೆಗಳಿಗೆ ದೀಪವನ್ನೊದಗಿಸಿದ ಆ ಕಾರ್ಖಾನೆ 2003ರಲ್ಲಿ ಮುಚ್ಚಿತು. ಆದರೆ ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳ ಹಳೆಯ ಮನೆಗಳ ಗೋಡೆಯ ಮೇಲೆ ಟ್ಯೂಬ್‌ಲೈಟಿನ ಉದ್ದನೆಯ ತಗಡಿನ ಪಟ್ಟಿಗಳು ಇನ್ನೂ ಉಳಿದಿವೆ. ದೀಪ ಕೆಟ್ಟಾಗ ಅಂಗಡಿಯವನು "ಯಾವ ಹೋಲ್ಡರಿನದು?" ಎಂದು ಕೇಳುತ್ತಾನೆ. ಉತ್ತರ ಹೇಳಲು ಕೊಂಚ ಭೌತವಿಜ್ಞಾನ ಬೇಕು.

ಕೊಳವೆಯೊಳಗೆ ಕಡಿಮೆ ಒತ್ತಡದ ಆರ್ಗಾನ್ ಅನಿಲವೂ ತುಸು ಪಾದರಸವೂ ಇರುತ್ತವೆ. ವಿದ್ಯುತ್ತು ಹರಿದಾಗ ಇಲೆಕ್ಟ್ರಾನುಗಳು ಪಾದರಸದ ಪರಮಾಣುಗಳಿಗೆ ಬಡಿಯುತ್ತವೆ. ಉದ್ರಿಕ್ತವಾದ ಈ ಪರಮಾಣುಗಳು ಮುಖ್ಯವಾಗಿ 254 ನ್ಯಾನೊಮೀಟರು ತರಂಗಾಂತರದ ಅತಿನೇರಿಳೆ ಕಿರಣಗಳನ್ನು ಸೂಸುತ್ತವೆ. ಇವು ಕಣ್ಣಿಗೆ ಕಾಣವು. ಗಾಜಿನ ಒಳಮೈಗೆ ಬಳಿದ ಬಿಳಿಯ ಪುಡಿ ಅವನ್ನು ಹೀರಿ ಗೋಚರ ಬೆಳಕನ್ನು ಕೊಡುತ್ತದೆ. ಇದೇ ಪ್ರತಿದೀಪ್ತಿ. ತಂತಿ ಕಾದು ಬೆಳಗುವ ಬಲ್ಬಿನಲ್ಲಿ ವಾಟಿಗೆ 12ರಿಂದ 15 ಲ್ಯೂಮೆನ್ ದೊರೆತರೆ, ಇಲ್ಲಿ 60ಕ್ಕೂ ಹೆಚ್ಚು ದೊರೆಯುತ್ತದೆ.

ಆದರೆ ಒಂದು ತೊಡಕಿದೆ. ತಂತಿ ಬಿಸಿಯಾದಂತೆ ಅದರ ರೋಧ ಹೆಚ್ಚುತ್ತದೆ. ಅದು ತನ್ನನ್ನು ತಾನೇ ಹತೋಟಿಯಲ್ಲಿಟ್ಟುಕೊಳ್ಳುತ್ತದೆ. ಅನಿಲದ ವರ್ತನೆ ಇದಕ್ಕೆ ವಿರುದ್ಧ. ಪ್ರವಾಹ ಹೆಚ್ಚಿದಷ್ಟೂ ಅಯಾನುಗಳು ಹೆಚ್ಚುತ್ತವೆ, ರೋಧ ಕುಗ್ಗುತ್ತದೆ, ಪ್ರವಾಹ ಮತ್ತಷ್ಟು ಏರುತ್ತದೆ. ತಡೆಯುವವರಿಲ್ಲದಿದ್ದರೆ ಕೊಳವೆ ಕ್ಷಣದಲ್ಲಿ ನಾಶವಾಗುತ್ತದೆ. ತಡೆಯುವುದೇ ಚೋಕಿನ ಕೆಲಸ. ಆದುದರಿಂದ ಹೋಲ್ಡರನ್ನು ಆರಿಸುವುದೆಂದರೆ ಚೋಕು ಎಲ್ಲಿದೆಯೆಂದು ತಿಳಿಯುವುದೇ ಆಗಿದೆ.

ಉದ್ದನೆಯ ಪಟ್ಟಿಯಲ್ಲಿ ಚೋಕು ಪಟ್ಟಿಯೊಳಗಿರುತ್ತದೆ. 38 ಮಿಲಿಮೀಟರು ದಪ್ಪದ ಹಳೆಯ 40 ವಾಟಿನ ಕೊಳವೆಗೂ 26 ಮಿಲಿಮೀಟರಿನ 36 ವಾಟಿನ ಕೊಳವೆಗೂ ಪಿನ್ನುಗಳ ನಡುವಣ ಅಂತರ 13 ಮಿಲಿಮೀಟರೇ; 16 ಮಿಲಿಮೀಟರಿನ ತೆಳು ಕೊಳವೆಗೆ ಅದು 5 ಮಿಲಿಮೀಟರು. ಇದಕ್ಕೆ ಬೇರೆ ಪಟ್ಟಿಯೇ ಬೇಕು. ತಾಮ್ರದ ಸುರುಳಿಯ ಚೋಕು ತಾನೇ ಸುಮಾರು 10 ವಾಟು ನುಂಗುತ್ತದೆ. ಇಲೆಕ್ಟ್ರಾನಿಕ್ ಚೋಕು 3 ವಾಟಿನಷ್ಟು. ದಿನಕ್ಕೆ ಆರು ಗಂಟೆ ಉರಿಸುವ ಮನೆಯಲ್ಲಿ ಇದರಿಂದಲೇ ವರ್ಷಕ್ಕೆ ಸುಮಾರು 15 ಯೂನಿಟ್ಟು ಉಳಿಯುತ್ತದೆ.

ಸಿ.ಎಫ್.ಎಲ್. ಎಂದರೆ ಮಡಿಸಿದ ಕೊಳವೆ. ಬಲ್ಬಿನ ಪಿನ್ ಹೋಲ್ಡರಿಗೆ ಸಿಕ್ಕಿಸುವ ಜಾತಿಯಲ್ಲಿ ಚೋಕು ದೀಪದ ಬುಡದಲ್ಲೇ ಇರುತ್ತದೆ. ಕೊಳವೆ ಸತ್ತರೆ ಒಳ್ಳೆಯ ಚೋಕನ್ನೂ ಎಸೆಯಬೇಕು! ಎರಡು ಅಥವಾ ನಾಲ್ಕು ಕಡ್ಡಿಗಳ ಜಾತಿಯಲ್ಲಾದರೆ ಚೋಕು ಗೋಡೆಯಲ್ಲಿ ಉಳಿದು ಕೊಳವೆ ಮಾತ್ರ ಬದಲಾಗುತ್ತದೆ.

ಯಲಹಂಕದ ನಮ್ಮ ಮನೆಯ ಸ್ನಾನದ ಕೋಣೆಯಲ್ಲಿ, ಎಲ್ಲ ಕಡೆಯೂ ಮುಚ್ಚಿದ ಗಾಜಿನ ಬುರುಡೆಯೊಳಗೆ ಮೊದಲ ಜಾತಿಯ ದೀಪವನ್ನು ತಲೆಕೆಳಗಾಗಿ ತೂಗಿಸಿದ್ದೆ. ಕೆಲವೇ ತಿಂಗಳಲ್ಲಿ ಅದು ಕೆಟ್ಟಿತು, ಎರಡನೆಯದೂ ಕೆಟ್ಟಿತು. ಅಂಗಡಿಯವನನ್ನು ವೃಥಾ ಶಂಕಿಸಿದೆ. ಬಿಚ್ಚಿ ನೋಡಿದಾಗ ಬುಡ ಕಂದಿತ್ತು. ಕೊಳವೆಯ ಬಿಸಿಗಾಳಿ ಮೇಲೇರಿ, ಹೊರಹೋಗಲು ದಾರಿಯಿಲ್ಲದೆ, ಚೋಕಿನಲ್ಲಿರುವ ಕೆಪ್ಯಾಸಿಟರನ್ನು ಬೇಯಿಸಿತ್ತು. ಭೌತವಿಜ್ಞಾನ ಬೋಧಿಸುವವನಿಗೆ ಮೊದಲೇ ಹೊಳೆಯಬೇಕಾಗಿದ್ದ ಸಂಗತಿ! ಬಿಸಿಯಿಂದ ಬೆಳಕಿಗೂ ನಷ್ಟವೇ: ಕೊಳವೆಯ ಅತ್ಯಂತ ತಂಪಾದ ಭಾಗ ಸುಮಾರು 40 ಡಿಗ್ರಿ ಸೆಲ್ಸಿಯಸ್ ಇದ್ದಾಗ ಪಾದರಸದ ಆವಿಯ ಒತ್ತಡ ಹದವಾಗಿರುತ್ತದೆ, ಅದಕ್ಕಿಂತ ಏರಿದರೂ ಇಳಿದರೂ ಬೆಳಕು ಕುಗ್ಗುತ್ತದೆ.

ಪಾದರಸದ ದೆಸೆಯಿಂದಲೇ ಈ ದೀಪಗಳ ಕಾಲ ಮುಗಿಯುತ್ತಿದೆ. ಮಿನಮಾಟ ಒಪ್ಪಂದದ ರಾಷ್ಟ್ರಗಳು 2023ರಲ್ಲಿ ಜಿನೀವಾದಲ್ಲಿ ಸೇರಿ, ಸಾಮಾನ್ಯ ಬಳಕೆಯ ಕೊಳವೆ ದೀಪಗಳ ತಯಾರಿಕೆಯನ್ನು 2027ರ ಹೊತ್ತಿಗೆ ನಿಲ್ಲಿಸಲು ನಿರ್ಧರಿಸಿದವು. ಹಳೆಯ ಪಟ್ಟಿಗೆ ಈಗ ಎಲ್.ಇ.ಡಿ. ಕೊಳವೆ ಬರುತ್ತಿದೆ. ಪಿನ್ನು ಅದೇ, ಹೋಲ್ಡರು ಅದೇ. ಆದರೆ ಒಳಗಣ ಜೋಡಣೆ ಬೇರೆ. ಕೆಲವು ಜಾತಿಗಳಿಗೆ ಚೋಕು, ಸ್ಟಾರ್ಟರುಗಳನ್ನು ತೆಗೆದು ಒಂದೇ ತುದಿಯ ಎರಡು ಪಿನ್ನುಗಳಿಗೆ ನೇರವಾಗಿ 230 ವೋಲ್ಟು ಕೊಡಬೇಕು. ಮುಂದೆಂದಾದರೂ ಅಂಥ ಪಟ್ಟಿಗೆ ಹಳೆಯ ಕೊಳವೆಯನ್ನು ಸಿಕ್ಕಿಸಿದರೆ, ತುದಿಯ ಸಣ್ಣ ತಂತಿಗೇ ಪೂರ್ಣ ವೋಲ್ಟೇಜು ಬಿದ್ದು ಅದು ಥಟ್ಟನೆ ಸುಟ್ಟುಹೋಗುತ್ತದೆ, ಗಾಜು ಒಡೆಯಲೂಬಹುದು. ಜೋಡಣೆಯನ್ನು ಬದಲಿಸುವಾಗ ಮೇನ್ ಸ್ವಿಚ್ಚನ್ನು ಆರಿಸಿ, ಬಲ್ಲವರಿಂದಲೇ ಮಾಡಿಸಬೇಕು. ನಮ್ಮ ಮನೆಯ ಅಟ್ಟದ ಮೇಲೆ ಹಳೆಯ ಟ್ಯೂಬುಗಳು ಎರಡಿವೆ. ನಾನಿಲ್ಲದ ಹೊತ್ತಿನಲ್ಲಿ ತಂದೆಯವರು ಅವನ್ನು ಇಳಿಸಿ ಹಾಕಿಯಾರೆಂದು, "ಚೋಕು ತೆಗೆದಿದೆ" ಎಂಬ ಚೀಟಿಯನ್ನು ಪಟ್ಟಿಗೆ ಅಂಟಿಸಿದ್ದೇನೆ.